ಡಾರ್ವಿನ್‌ವರೆಗೆ ಕ್ಯಾರವಾನ್: ಮೊದಲು ತೂಕ ನೋಡಿ, ಆಮೇಲೆ ದಾರಿ

ನಮಸ್ಕಾರ. ಜೂನ್-ಜುಲೈನಲ್ಲಿ ಆರು ವಾರ ರಜೆ ಹಾಕಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಉತ್ತರ ತುದಿಯ ಡಾರ್ವಿನ್‌ವರೆಗೆ ಕ್ಯಾರವಾನ್ (ಕಾರಿನ ಹಿಂದೆ ಕಟ್ಟುವ ಚಕ್ರದ ಮನೆ) ಎಳೆದುಕೊಂಡು ಹೋಗ್ತೀವಿ, ಇಬ್ಬರು ಮಕ್ಕಳ ಜೊತೆ ಶಿವಮೊಗ್ಗದಿಂದ ತಾಯಿಯೂ ಬರ್ತಾರೆ ಅಂತ ಬರೆದಿದ್ದೀರಿ. ಊಡ್ನಡಾಟಾ ಟ್ರ್ಯಾಕ್ ಹಿಡಿಯಬಹುದಾ ಅಂತಲೂ ಕೇಳಿದ್ದೀರಿ. ತಿಂಗಳು ಸರಿಯಾಗಿದೆ. ಹಗಲು ಹಿತವಾಗಿರುತ್ತದೆ. ಆದರೆ ಆಲಿಸ್ ಸ್ಪ್ರಿಂಗ್ಸ್ ಕಡೆ ಜುಲೈ ರಾತ್ರಿ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ, ತಾಯಿಗೆ ದಪ್ಪ ರಗ್ಗು ಇರಲಿ.

ಟ್ರ್ಯಾಕ್ ಮಾತ್ರ ಈ ಸಲ ಬಿಟ್ಟುಬಿಡಿ. ಮರ್ರೀಯಿಂದ ಮಾರ್ಲಾವರೆಗೆ 600 ಕಿಮೀಗೂ ಜಾಸ್ತಿ ಮಣ್ಣಿನ ದಾರಿ. ಒಂದು ಮಳೆ ಬಿದ್ದರೆ ಮುಚ್ಚುತ್ತಾರೆ, ಮುಚ್ಚಿದ ದಾರಿಗೆ ಇಳಿದರೆ ದಂಡ ಜೋರು. ಮಾಮೂಲಿ ಕ್ಯಾರವಾನ್ ಆ ಏರಿಳಿತಕ್ಕೆ ನಡುಗಿ ನಡುಗಿ ಕಪಾಟಿನ ಸ್ಕ್ರೂ ಎಲ್ಲ ಸಡಿಲ ಆಗುತ್ತದೆ, ಕೆಂಪು ಧೂಳು ಹಾಸಿಗೆಯೊಳಗೂ ಸೇರುತ್ತದೆ. ಆ ಕಡೆಯ ದೊಡ್ಡ ಉಪ್ಪಿನ ಸರೋವರ ಲೇಕ್ ಏರ್ ನೋಡುವ ಆಸೆ ಇದ್ದರೆ ಹೆದ್ದಾರಿಯ ಮೇಲಿನ ಊರು ಕೂಬರ್ ಪೀಡಿಯಿಂದ ಸಣ್ಣ ವಿಮಾನದಲ್ಲಿ ಹೋಗಿ ಬನ್ನಿ. ಪೋರ್ಟ್ ಅಗಸ್ಟಾದಿಂದ ಡಾರ್ವಿನ್‌ಗೆ ಸುಮಾರು 2,700 ಕಿಮೀ ಸ್ಟುವರ್ಟ್ ಹೆದ್ದಾರಿ 1987ರಿಂದಲೂ ಪೂರ್ತಿ ಟಾರು. ಸಂಸಾರ ಕಟ್ಟಿಕೊಂಡು ಮೊದಲ ಸಲ ಹೋಗುವವರಿಗೆ ಅದೇ ಸರಿ.

ನನ್ನ ನಿಜವಾದ ಚಿಂತೆ ದಾರಿಯದ್ದಲ್ಲ, ತೂಕದ್ದು. ಕಾರು 3,500 ಕೆಜಿ ಎಳೆಯುತ್ತದೆ ಅಂತ ಜಾಹೀರಾತಿನಲ್ಲಿ ಇರುತ್ತದೆ, ಎಲ್ಲರೂ ಅದನ್ನೇ ನೋಡುತ್ತಾರೆ. ನೀವು ಕ್ಯಾರವಾನ್ ಮೇಲಿನ ತಗಡಿನ ಪಟ್ಟಿ ಓದಿ. ಉದಾಹರಣೆಗೆ ಖಾಲಿ ತೂಕ 2,100, ಗರಿಷ್ಠ 2,500 ಅಂತ ಇದೆ ಅಂದುಕೊಳ್ಳಿ. ನಿಮಗೆ ಉಳಿದಿದ್ದು 400 ಕೆಜಿ. 80 ಲೀಟರಿನ ಎರಡು ಟ್ಯಾಂಕ್ ನೀರು ತುಂಬಿದರೆ 160 ಹೋಯಿತು. ಎರಡು ಗ್ಯಾಸ್ ಸಿಲಿಂಡರ್ ಸೇರಿ 35ರ ಹತ್ತಿರ. ಆಮೇಲೆ ಹಾಕಿಸಿದ ಆನಿಂಗ್ (ಪಕ್ಕಕ್ಕೆ ಬಿಚ್ಚುವ ನೆರಳಿನ ಚಪ್ಪರ), ಹೆಚ್ಚಿನ ಬ್ಯಾಟರಿ ಖಾಲಿ ತೂಕದಲ್ಲಿ ಸೇರಿರುವುದಿಲ್ಲ. ಉಳಿದಿದ್ದರಲ್ಲಿ ಹಾಸಿಗೆ, ಕುರ್ಚಿ, ಮಕ್ಕಳ ಸೈಕಲ್, ಅಕ್ಕಿ ಮೂಟೆ, ಕುಕ್ಕರ್ ಎಲ್ಲ ಬರಬೇಕು. ಇನ್ನು ಕ್ಯಾರವಾನಿನ ಮೂತಿ ಕಾರಿನ ಕೊಂಡಿಯ ಮೇಲೆ ಕೂರುತ್ತದಲ್ವಾ? ಆ ಭಾರ ಸಾಮಾನ್ಯವಾಗಿ ಕ್ಯಾರವಾನ್ ತೂಕದ ಹತ್ತರಲ್ಲಿ ಒಂದು ಪಾಲು, ಅಂದರೆ 250 ಕೆಜಿ. ಅದು ಕಾರಿನ ಲೆಕ್ಕಕ್ಕೆ ಹೋಗುತ್ತದೆ. ಜೊತೆಗೆ ಐದು ಜನ, ತುಂಬಿದ ಡೀಸೆಲ್ ಟ್ಯಾಂಕ್. ಕಾರಿನ ಮಿತಿ ದಾಟುವುದು ಬಹಳ ಸಲ ಇಲ್ಲೇ.

ಹಾಗಾಗಿ ಹೊರಡುವ ಎರಡು ವಾರ ಮೊದಲೇ ಎಲ್ಲ ತುಂಬಿಸಿ, ಎಲ್ಲರನ್ನೂ ಕೂರಿಸಿಕೊಂಡು ಗಾಡಿ ತೂಗುವ ವೇಬ್ರಿಡ್ಜ್‌ಗೆ ಹೋಗಿ. ಕಾರು ಬೇರೆ, ಕ್ಯಾರವಾನ್ ಬೇರೆ, ಎರಡೂ ಸೇರಿಸಿ ಒಮ್ಮೆ ತೂಗಿಸಿ. ಮಿತಿ ಮೀರಿದ್ದರೆ ಅಪಘಾತ ಆದಾಗ ವಿಮೆಯವರು ಕೈ ಎತ್ತಬಹುದು. ಭಾರದ ಸಾಮಾನು ಚಕ್ರದ ನೇರಕ್ಕೆ, ಕೆಳಗೆ ಇರಲಿ. ಹಿಂದೆ ತುಂಬಿದರೆ ಕ್ಯಾರವಾನ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಹಾಗಾದರೆ ಕಾರಿನ ಬ್ರೇಕ್ ಜೋರಾಗಿ ಒತ್ತಲೇಬೇಡಿ. ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆದು, ಡ್ಯಾಶ್‌ಬೋರ್ಡಿನ ಕಂಟ್ರೋಲರ್‌ನಿಂದ ಕ್ಯಾರವಾನ್ ಬ್ರೇಕ್ ಮಾತ್ರ ಹಾಕಿ. ಖಾಲಿ ಜಾಗದಲ್ಲಿ ನಿಮ್ಮ ಕೈ ಆ ಗುಂಡಿಯನ್ನು ನೋಡದೇ ಹುಡುಕುವಷ್ಟು ಅಭ್ಯಾಸ ಮಾಡಿ.

ರೋಡ್ ಟ್ರೇನ್‌ಗೂ (ಹಲವು ಟ್ರೇಲರ್ ಎಳೆಯುವ ಲಾರಿ) ಇದೇ ಕಾರಣಕ್ಕೆ ತಯಾರಿರಬೇಕು. 53.5 ಮೀಟರ್ ಉದ್ದದವರೆಗೂ ಇರುತ್ತವೆ. ಎದುರಿಂದ ಬಂದಾಗ ಮೊದಲು ಗಾಳಿ ನಿಮ್ಮನ್ನು ಹೊರಕ್ಕೆ ತಳ್ಳುತ್ತದೆ, ಟ್ರೇಲರುಗಳು ಒಂದೊಂದಾಗಿ ದಾಟುತ್ತಿದ್ದಂತೆ ಒಳಕ್ಕೆ ಎಳೆಯುತ್ತದೆ. ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಎಡಕ್ಕಿರಿ, ಅಷ್ಟೇ. ಹಿಂದಿನಿಂದ ಬಂದರೆ ಗಾಡಿಯಿಂದ ಗಾಡಿಗೆ ಮಾತಾಡುವ ಯುಎಚ್‌ಎಫ್ ರೇಡಿಯೋದ 40ನೇ ಚಾನೆಲ್‌ನಲ್ಲಿ ಚಾಲಕರ ಜೊತೆ ಮಾತಾಡಿ. ಅವರು ದಾಟಲು ಶುರು ಮಾಡಿದ ಮೇಲೆ ವೇಗ ಇಳಿಸಿ, ಹೆಚ್ಚಿಸಬೇಡಿ.

ಡೀಸೆಲ್ ವಿಷಯ. ಎಳೆಯುವಾಗ 100 ಕಿಮೀಗೆ 18-20 ಲೀಟರ್ ಹಿಡಿಯಿರಿ, ಎದುರುಗಾಳಿ ಇದ್ದರೆ ಇನ್ನೂ ಜಾಸ್ತಿ. ಗ್ಲೆಂಡಾಂಬೊದಿಂದ ಕೂಬರ್ ಪೀಡಿಗೆ ಸುಮಾರು 250 ಕಿಮೀ, ನಡುವೆ ಬಂಕ್ ಇಲ್ಲ. ಗ್ಲೆಂಡಾಂಬೊ ಮುಚ್ಚಿದೆ ಅಂತಲೇ ಅಂದುಕೊಂಡು ಅದಕ್ಕೂ ಮೊದಲು ಸಿಗುವ ಪಿಂಬಾದಲ್ಲಿ ಪೂರ್ತಿ ತುಂಬಿಸಿ, ಒಂದು ಜೆರ್ರಿಕ್ಯಾನ್ ಡೀಸೆಲ್ ಜೊತೆಗಿರಲಿ. ಅದನ್ನೂ ತೂಕಕ್ಕೆ ಸೇರಿಸಿ! ಕಾರಿಗೊಂದು, ಕ್ಯಾರವಾನಿಗೊಂದು ಸ್ಟೆಪ್ನಿ ಬೇಕೇ ಬೇಕು.

ದಿನಕ್ಕೆ 350-400 ಕಿಮೀ ಸಾಕು. ಮಧ್ಯಾಹ್ನ ನಾಲ್ಕರೊಳಗೆ ನಿಂತುಬಿಡಿ. ಮುಸ್ಸಂಜೆಗೆ ಕಾಂಗರೂ, ದನ, ಒಂಟೆ ಎಲ್ಲ ರಸ್ತೆಗೆ ಬರುತ್ತವೆ. ಈ ಒಂಟೆಗಳ ಕಥೆ ಮಕ್ಕಳಿಗೆ ಪೋರ್ಟ್ ಅಗಸ್ಟಾದಲ್ಲೇ ಹೇಳಿ. 1866ರಲ್ಲಿ ಕರಾಚಿಯಿಂದ ಹಡಗಿನಲ್ಲಿ ನೂರಕ್ಕೂ ಹೆಚ್ಚು ಒಂಟೆ ಬಂದಿಳಿದಿದ್ದು ಅಲ್ಲೇ, ಜೊತೆಗೆ ಅವನ್ನು ನಡೆಸುವವರೂ ನಮ್ಮ ಕಡೆಯಿಂದಲೇ ಬಂದರು. ಈ ಒಳನಾಡಿಗೆ ಸಾಮಾನು ಸಾಗಿಸಿದ್ದೇ ಅವರು. ನನಗೆ ಆ ದಾರಿ ಇಷ್ಟವಾಗಲು ಇದೂ ಒಂದು ಕಾರಣ.

ಕೂಬರ್ ಪೀಡಿಯಲ್ಲಿ ಎರಡು ರಾತ್ರಿ ಇರಿ, ನೆಲದೊಳಗಿನ ಮನೆ ನೋಡಿ. ಎರ್ಲ್ಡುಂಡಾದಲ್ಲಿ ಪಶ್ಚಿಮಕ್ಕೆ ತಿರುಗಿದರೆ ಸುಮಾರು 245 ಕಿಮೀಗೆ ಯುಲಾರಾ. ಅಲ್ಲೇ ಹತ್ತಿರ ಉಲುರು ಅನ್ನುವ ದೊಡ್ಡ ಕೆಂಪು ಬಂಡೆ ಇದೆ. ಅದರ ಪಾರ್ಕಿನೊಳಗೆ ಟೆಂಟ್, ಕ್ಯಾರವಾನ್ ಹಾಕುವ ಹಾಗಿಲ್ಲ. ಯುಲಾರಾದಲ್ಲೇ ಉಳಿಯಬೇಕು, ಜುಲೈ ಶಾಲಾ ರಜೆಗೆ ತುಂಬಿಹೋಗುತ್ತದೆ, ಈಗಲೇ ಮೂರು ರಾತ್ರಿ ಬುಕ್ ಮಾಡಿ. ಬಂಡೆ ಹತ್ತುವುದು 2019ರ ಅಕ್ಟೋಬರ್ 26ರಿಂದ ನಿಂತಿದೆ. ಸುತ್ತ ನಡೆಯುವ ದಾರಿ 10 ಕಿಮೀ ಚಿಲ್ಲರೆ. ತಾಯಿಗೆ ಅಷ್ಟು ಆಗದಿದ್ದರೆ ಮುಟಿಟ್ಜುಲು ನೀರಿನ ಹೊಂಡದವರೆಗಿನ ಸಣ್ಣ ದಾರಿ ಸಮತಟ್ಟಾಗಿದೆ, ಬಂಡೆಯ ಬುಡಕ್ಕೇ ಹೋಗುತ್ತದೆ. ಉತ್ತರಕ್ಕೆ ಹೋದ ಮೇಲೆ ಮಟರಾಂಕಾದ ಬೆಚ್ಚನೆ ಕೊಳದಲ್ಲಿ ಮೈ ಅದ್ದಿದರೆ ಅವರ ಮಂಡಿಗೂ ಹಾಯ್ ಅನಿಸುತ್ತದೆ. ಆ ಕಡೆ ಬೇರೆ ಎಲ್ಲಿ ನೀರಿಗಿಳಿಯುವುದಿದ್ದರೂ ಮೊಸಳೆ ಬೋರ್ಡ್ ಓದದೇ ಇಳಿಯಬೇಡಿ.

ಅಡುಗೆಗೆ ಅವಲಕ್ಕಿ, ರವೆ, ಚಟ್ನಿಪುಡಿ, ಬೇಳೆ ಮನೆಯಿಂದಲೇ ಒಯ್ಯಿರಿ. ಆದರೆ ಹಣ್ಣು, ಟೊಮೆಟೊ, ಬದನೆ, ಹಸಿಮೆಣಸಿನಕಾಯಿ ಸೌತ್ ಆಸ್ಟ್ರೇಲಿಯಾ ಗಡಿಯೊಳಗೆ ತರುವ ಹಾಗಿಲ್ಲ, ಹಣ್ಣಿನ ನೊಣದ ಕಾಟ. ಗಡಿ ದಾಟಿದ ಮೇಲೆ ಕೊಳ್ಳಿ.

ತಾಯಿ ಸಂದರ್ಶಕರ ವೀಸಾದಲ್ಲಿ ಬರುವುದಾದರೆ ಮೆಡಿಕೇರ್ (ಇಲ್ಲಿನ ಸರ್ಕಾರಿ ಆರೋಗ್ಯ ಯೋಜನೆ) ಇರುವುದಿಲ್ಲ. ಒಳ್ಳೆಯ ಆರೋಗ್ಯ ವಿಮೆ ಮಾಡಿಸಿ, ಬಿಪಿ ಮಾತ್ರೆ ಪೂರ್ತಿ ಪ್ರವಾಸಕ್ಕೂ ಮೇಲೆ ಎರಡು ವಾರಕ್ಕೂ ಆಗುವಷ್ಟು ಕೈಚೀಲದಲ್ಲೇ ಇರಲಿ. ಊರು ಬಿಟ್ಟು ಸ್ವಲ್ಪ ದೂರ ಹೋದರೆ ಫೋನ್ ಸಿಗ್ನಲ್ ಇರುವುದಿಲ್ಲ. ಉಪಗ್ರಹದ ಮೂಲಕ ಸಹಾಯಕ್ಕೆ ಕರೆ ಕಳಿಸುವ ಪಿಎಲ್‌ಬಿ ಅನ್ನುವ ಚಿಕ್ಕ ತುರ್ತು ಯಂತ್ರ ಕೊಂಡು ಹೆಸರು ನೋಂದಾಯಿಸಿ, ನೋಂದಣಿ ಉಚಿತ. ಕುಡಿಯುವ ನೀರನ್ನು ಟ್ಯಾಂಕಿನಿಂದ ಬೇರೆಯಾಗಿ ಕ್ಯಾನಿನಲ್ಲಿಡಿ. ಗಾಡಿ ಕೆಟ್ಟು ನಿಂತರೆ ಯಾರೂ ಸಹಾಯ ಹುಡುಕಿಕೊಂಡು ನಡೆದು ಹೋಗಬಾರದು. ಗಾಡಿ ಹತ್ತಿರವೇ ನೆರಳು ಮಾಡಿಕೊಂಡು ಕೂರಬೇಕು, ಇದನ್ನು ಮಕ್ಕಳಿಗೂ ಹೇಳಿ.

ಕಾರಿನ ಮಾಡೆಲ್, ಕ್ಯಾರವಾನಿನ ತಗಡಿನ ಪಟ್ಟಿಯ ಫೋಟೋ ಇಲ್ಲೇ ಹಾಕಿ. ಇಬ್ಬರೂ ಕೂತು ಲೆಕ್ಕ ಹಾಕೋಣ, ಆಮೇಲೆ ಸೈಕಲ್ ಬೇಕಾ ಬೇಡವಾ ನೋಡೋಣ.