ಬೈಸಿಕೊಂಡಿದ್ದು ಶ್ರಾವಣ, ಸೋರಿದ್ದು ಆಷಾಢ

ಗಂಡ ಹೆಂಡತಿ ಸೇರಿ ಸಣ್ಣ ವ್ಯಾಪಾರ ಮಾಡುವವರು ನನ್ನ ಹತ್ತಿರ ಆಪ್ತಸಲಹೆಗೆ ಬಂದರೆ ಜಗಳ ಹೆಚ್ಚುಕಡಿಮೆ ಒಂದೇ. "ಬಜೆಟ್ ಮೀರಿ ಖರ್ಚು ಮಾಡ್ತಾಳೆ." ಹನುಮಂತನಗರದ ಕಡೆಯ ಈ ಜೋಡಿಯದೂ ಅದೇ (ಗುರುತು ಸಿಗದ ಹಾಗೆ ವಿವರ, ಅಂಕಿ ಬದಲಿಸಿದ್ದೇನೆ). ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರುತ್ತಾರೆ. ಕರಿಯುವುದು ಅವಳು, ಲೆಕ್ಕ ಅವನದು.

ಎರಡನೇ ಭೇಟಿಗೆ ಅವನು ಪುಸ್ತಕ ತಂದಿದ್ದ. ತಿಂಗಳಿಗೆ 200 ಕೆಜಿ ಅಂದಾಜು, ಬಜೆಟ್ 66,000 ರೂಪಾಯಿ. ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ಬಂದ ಶ್ರಾವಣದಲ್ಲಿ ಖರ್ಚು 86,000, ಅದರ ಸುತ್ತ ಕೆಂಪು ಗೆರೆ. ಆಷಾಢಕ್ಕೆ 56,000, ಪಕ್ಕದಲ್ಲಿ ಹಸಿರು ಟಿಕ್. "ನೋಡಿ ಮೇಡಂ, ಮನಸ್ಸು ಮಾಡಿದರೆ ಉಳಿಸೋಕೆ ಬರುತ್ತೆ ಇವಳಿಗೆ."

ಅಲ್ಲಿಯವರೆಗೂ ಸುಮ್ನೆ ಕೂತಿದ್ದವಳು ಕೇಳಿದಳು: "ನಾನು ಎಷ್ಟು ಕೆಜಿ ಕರಿದೆ ಅಂತ ಇದರಲ್ಲಿ ಎಲ್ಲಿದೆ?"

ಎಲ್ಲೂ ಇರಲಿಲ್ಲ. ಆರ್ಡರ್ ಚೀಟಿ ಕೂಡಿಸಿದೆವು. ಶ್ರಾವಣದಲ್ಲಿ 320 ಕೆಜಿ, ಆಷಾಢದಲ್ಲಿ 120. ಬಾಡಿಗೆ, ಸಹಾಯಕಿಯ ಸಂಬಳ, ಸಾಲದ ಕಂತು ಸೇರಿ 30,000. ಇದು ಒಂದು ಕೆಜಿ ಕರಿದರೂ ಕರಿಯದಿದ್ದರೂ ಕೊಡಬೇಕು. ಹಿಟ್ಟು, ಎಣ್ಣೆ, ಗ್ಯಾಸ್, ಕವರ್ ಮಾತ್ರ ಕೆಜಿಗೆ 180ರಂತೆ ಏರಿಳಿಯುತ್ತೆ. ಹಾಗೆ ನೋಡಿದರೆ ಶ್ರಾವಣಕ್ಕೆ 87,600 ಆಗಬೇಕಿತ್ತು, ಅವಳು 1,600 ಉಳಿಸಿದ್ದಳು. ಆಷಾಢಕ್ಕೆ 51,600 ಸಾಕಿತ್ತು. 4,400 ಹೆಚ್ಚು ಹೋಗಿದ್ದು ಆ ಹಸಿರು ಟಿಕ್ ಹಾಕಿದ ತಿಂಗಳಲ್ಲೇ! ಆರ್ಡರ್ ಇರಲಿ ಬಿಡಲಿ ದಿನಾ ಬಾಣಲೆ ತುಂಬ ಎಣ್ಣೆ ಇಡುತ್ತಿದ್ದರು, ಮಿಕ್ಕಿದ್ದು ಕಪ್ಪಾದ ಮೇಲೆ ಚೆಲ್ಲುತ್ತಿದ್ದರು.

ಆಪ್ತಸಲಹೆಗೆ ಬಂದವರಿಗೆ ಲೆಕ್ಕ ಹೇಳಿಕೊಡೋದಾ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಹೌದು, ಹೇಳಿಕೊಡುತ್ತೇನೆ. ತಪ್ಪು ಲೆಕ್ಕ ಇಟ್ಟುಕೊಂಡು ಒಬ್ಬರು ಆರೋಪಿ, ಒಬ್ಬರು ನ್ಯಾಯಾಧೀಶರಾಗಿ ಕೂತಿರುವಾಗ "ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಿ" ಅಂದರೆ ಏನು ಉಪಯೋಗ? ಅವಳಿಗೆ ಬೇಕಿದ್ದದ್ದು ಸಮಾಧಾನ ಅಲ್ಲ, ಸರಿಯಾದ ಅಳತೆ.

ನಾನು ಹೇಳಿದ್ದು ಇಷ್ಟೇ. ಬಜೆಟ್ ಮೊದಲೇ ಬರೆಯಿರಿ, ಆದರೆ ತಿಂಗಳ ಕೊನೆಗೆ ಕರಿದ ಕೆಜಿಗೆ ತಕ್ಕ ಹಾಗೆ ಮತ್ತೆ ಲೆಕ್ಕ ಹಾಕಿ, ಆಮೇಲೆ ಖರ್ಚಿನ ಜೊತೆ ಹೋಲಿಸಿ. ಕೆಜಿ ಬರೆಯುವ ಕೆಲಸ ಅವಳದೇ ಆಗಲಿ. ಎಣ್ಣೆ ರೇಟು ಏರಿದರೆ 180 ಬದಲಾಗುತ್ತೆ. ಇನ್ನೊಬ್ಬರನ್ನು ಕೆಲಸಕ್ಕೆ ತಗೊಂಡರೆ 30,000ವೂ ಜಾಸ್ತಿ ಆಗುತ್ತೆ. ಮುಂದಿನ ಆಷಾಢಕ್ಕೆ ವಾರದಲ್ಲಿ ಮೂರೇ ದಿನ ಕರಿಯೋಣ ಅಂತ ಅವರೇ ಮಾತಾಡಿಕೊಂಡರು, ಅದೂ ಅವನೇ ಮೊದಲು ಹೇಳಿದ್ದು.