ಶೇ 90 ಯೀಲ್ಡ್ ಇದ್ದರೆ ಷೇರು ಕೊಳ್ಳಬಹುದೇ?

ಪ್ರಶ್ನೆ: ನಾನು ದಿನಾ ಡೊಂಬಿವಲಿಯಿಂದ ಲೋಕಲ್‌ನಲ್ಲಿ ಕೆಲಸಕ್ಕೆ ಹೋಗುವವನು. ನಮ್ಮ ಡಬ್ಬಿಯಲ್ಲಿ ಈಗ ಬರೀ ಚಿಪ್ ಷೇರುಗಳದ್ದೇ ಮಾತು. ಒಂದು ವಿದೇಶಿ ಕಂಪನಿಯ ಚಿಪ್ ತಯಾರಿಕೆಯ ಯೀಲ್ಡ್ ಶೇ 55, ಇನ್ನೊಂದರದು ಶೇ 90, ಎರಡನೆಯದನ್ನೇ ತಗೊಳ್ಳಿ ಅನ್ನುತ್ತಾರೆ ಒಬ್ಬರು. ಈ ಲೆಕ್ಕ ನಂಬಬಹುದೇ? ನಮ್ಮ ದೇಶದ ಕಂಪನಿಗಳಿಗೂ ಇದೇ ಅಳತೆಯೇ?
— ಓದುಗರು, ಡೊಂಬಿವಲಿ

ಉತ್ತರ: ಬರೀ ಆ ಎರಡು ಅಂಕಿ ನೋಡಿ ದಯವಿಟ್ಟು ದುಡ್ಡು ಹಾಕಬೇಡಿ. ಎರಡೂ ಒಂದೇ ಫ್ಯಾಕ್ಟರಿಯಿಂದ, ಒಂದೇ ಗುಣಮಟ್ಟದ ಕೆಲಸದಿಂದ ಬಂದಿರಬಹುದು.

300 ಮಿ.ಮೀ. ಅಗಲದ ದುಂಡನೆಯ ಸಿಲಿಕಾನ್ ವೇಫರ್ (ತೆಳು ಬಿಲ್ಲೆ) ಮೇಲೆ ಚಿಪ್‌ಗಳನ್ನೆಲ್ಲ ಒಟ್ಟಿಗೆ ಮೂಡಿಸಿ, ಆಮೇಲೆ ಕತ್ತರಿಸುತ್ತಾರೆ. ಅವುಗಳಲ್ಲಿ ಸರಿಯಾಗಿ ಕೆಲಸ ಮಾಡುವವು ನೂರಕ್ಕೆ ಎಷ್ಟು ಅನ್ನುವುದೇ ಯೀಲ್ಡ್. ಸಣ್ಣ ಧೂಳಿನ ಕಣ ಕೂತರೂ ಆ ಚಿಪ್ ಕೆಡಬಹುದು. ಚಿಪ್ ದೊಡ್ಡದಾದಷ್ಟೂ ಈ ಅಪಾಯ ಜಾಸ್ತಿ, ಅಲ್ವಾ?

ಲೆಕ್ಕ ಹಾಕಿ ನೋಡಿ. ಚದರ ಸೆಂಟಿಮೀಟರಿಗೆ ಸರಾಸರಿ 0.1 ದೋಷ ಅಂತ ಇಟ್ಟುಕೊಳ್ಳೋಣ. 100 ಚದರ ಮಿ.ಮೀ.ನ ಚಿಪ್ ಆದರೆ ಒಂದು ವೇಫರ್‌ಗೆ ಸುಮಾರು 640 ಹಿಡಿಯುತ್ತವೆ. ಅದರಲ್ಲಿ 580ರಷ್ಟು ಒಳ್ಳೆಯವು. ಅಲ್ಲಿಗೆ ಶೇ 90. ಅದೇ ವೇಫರ್‌ನಲ್ಲಿ 600 ಚದರ ಮಿ.ಮೀ.ನ ದೊಡ್ಡ ಎಐ ಚಿಪ್ ಮಾಡಿದರೆ ಹಿಡಿಯುವುದೇ 90, ಒಳ್ಳೆಯವು 50ಕ್ಕಿಂತ ಒಂದು ಕಡಿಮೆ. ಅದು ಸುಮಾರು ಶೇ 55. ವೇಫರ್‌ಗೆ 10 ಲಕ್ಷ ರೂಪಾಯಿ ಅಂದುಕೊಂಡರೆ ಸಣ್ಣ ಚಿಪ್ ಒಂದಕ್ಕೆ ಸುಮಾರು 1,700 ರೂಪಾಯಿ, ದೊಡ್ಡದಕ್ಕೆ 20,000ದ ಮೇಲೆ. ಗಾತ್ರ ಆರು ಪಟ್ಟು, ಖರ್ಚು ಹತ್ತಿರಹತ್ತಿರ ಹನ್ನೆರಡು ಪಟ್ಟು! ಆದರೂ ಆ ದೊಡ್ಡ ಚಿಪ್ ಲಕ್ಷಗಟ್ಟಲೆಗೆ ಮಾರಾಟವಾದರೆ ಶೇ 55ರಲ್ಲೂ ಭರ್ತಿ ಲಾಭ.

ದೋಷವಿದ್ದದ್ದೆಲ್ಲ ಕಸಕ್ಕೆ ಹೋಗುವುದೂ ಇಲ್ಲ. ಒಳಗಿನ ಕೆಟ್ಟ ಕೋರ್ (ಲೆಕ್ಕ ಮಾಡುವ ಭಾಗ) ಬಂದ್ ಮಾಡಿ, ಕಡಿಮೆ ದರ್ಜೆಯ ಚಿಪ್ ಅಂತ ಮಾರುವುದು ಈ ಉದ್ಯಮದಲ್ಲಿ ಮಾಮೂಲು. ಹಾಗಾಗಿ ಯಾರಾದರೂ ಯೀಲ್ಡ್ ಹೇಳಿದರೆ ಮೊದಲು ಚಿಪ್‌ನ ಗಾತ್ರ ಕೇಳಿ. ಉತ್ತರ ಬಾರದಿದ್ದರೆ ಆ ಅಂಕಿ ಬಿಟ್ಟುಬಿಡಿ.

ಕಂಪನಿಗಳು ನಿಜವಾದ ಯೀಲ್ಡನ್ನು ಸುಮ್ನೆ ಬಿಟ್ಟುಕೊಡುವುದಿಲ್ಲ. ಅದರ ಗುರುತು ಸಿಗುವುದು ತ್ರೈಮಾಸಿಕ ಲೆಕ್ಕಪತ್ರದಲ್ಲಿ. 2024ರಲ್ಲಿ ಎನ್‌ವಿಡಿಯಾದ ಬ್ಲ್ಯಾಕ್‌ವೆಲ್ ಚಿಪ್‌ಗೆ ಯೀಲ್ಡ್‌ನದೇ ತೊಂದರೆ ಬಂತು. ವಿನ್ಯಾಸದ ದೋಷದಿಂದ ಯೀಲ್ಡ್ ಇಳಿಯಿತು, ಮಾಸ್ಕ್ (ವೇಫರ್ ಮೇಲೆ ಚಿಪ್‌ನ ವಿನ್ಯಾಸ ಮೂಡಿಸುವ ಅಚ್ಚು) ಬದಲಿಸಬೇಕಾಯಿತು. ಆಗಿನ ಒಂದು ತ್ರೈಮಾಸಿಕದಲ್ಲಿ ಗ್ರಾಸ್ ಮಾರ್ಜಿನ್ (ಮಾರಾಟದ ಹಣದಲ್ಲಿ ತಯಾರಿಕೆಯ ಖರ್ಚು ಕಳೆದು ಉಳಿಯುವ ಪಾಲು) ಶೇ 78.4ರಿಂದ 75.1ಕ್ಕೆ ಬಂತು. ಕಡಿಮೆ ಯೀಲ್ಡ್‌ನ ದಾಸ್ತಾನಿಗೆ ತೆಗೆದಿಟ್ಟ ಹಣವೂ ಅದಕ್ಕೊಂದು ಕಾರಣ ಅಂತ ಕಂಪನಿಯೇ ಹೇಳಿತು. ಗಮನಿಸಿ, ಪೆಟ್ಟು ಬಿದ್ದದ್ದು ಚಿಪ್ ಮಾಡಿಸಿದವರಿಗೆ. ಅವರಿಗೆ ಚಿಪ್ ತಯಾರಿಸಿ ಕೊಡುವ ಫ್ಯಾಕ್ಟರಿಗಳು, ಅಂದರೆ ಫೌಂಡ್ರಿಗಳು, ಸಾಮಾನ್ಯವಾಗಿ ವೇಫರ್ ಲೆಕ್ಕದಲ್ಲೇ ದುಡ್ಡು ಪಡೆಯುತ್ತವೆ.

ಇನ್ನು ನಮ್ಮ ದೇಶದ್ದು. ಗುಜರಾತಿನ ಧೋಲೇರಾದ ಫ್ಯಾಬ್ (ಚಿಪ್ ಫ್ಯಾಕ್ಟರಿ) ಟಾಟಾ ಎಲೆಕ್ಟ್ರಾನಿಕ್ಸ್‌ನದು, ಆ ಕಂಪನಿ ಷೇರುಪೇಟೆಯಲ್ಲೇ ಇಲ್ಲ. ಮೈಸೂರಿನ ಕೇನ್ಸ್, ನಿಮ್ಮ ಮುಂಬೈನ ಸಿಜಿ ಪವರ್ ಅದೇ ಗುಜರಾತಿನ ಸಾಣಂದ್‌ನಲ್ಲಿ ಕೈಹಾಕಿರುವುದು ಚಿಪ್‌ಗಳ ಪ್ಯಾಕಿಂಗ್ ಮತ್ತು ಪರೀಕ್ಷೆಗೆ. ಆ ಕೆಲಸದಲ್ಲಿ ಯೀಲ್ಡ್ ಮೊದಲಿಂದಲೂ ತುಂಬಾ ಮೇಲೇ ಇರುತ್ತದೆ. ಹಾಗಾಗಿ ಅಲ್ಲಿ ಯೀಲ್ಡ್ ಬದಲು ಗಿರಾಕಿ ಯಾರು, ಯಂತ್ರಗಳು ಎಷ್ಟರಮಟ್ಟಿಗೆ ಓಡುತ್ತಿವೆ, ಸಾಲ ಎಷ್ಟು, ಅದನ್ನು ನೋಡಿ.