ವೈನ್ ಹುದುಗುವ ಕ್ಯಾನ್ ಪಕ್ಕ ನಾಯಿ ಮಲಗಿದರೆ ತೊಂದರೆ ಇದೆಯಾ?

ಕ್ರಿಸ್‌ಮಸ್‌ಗೆ ಅಂತ 20 ಲೀಟರ್ ನೀರಿನ ಕ್ಯಾನ್‌ನಲ್ಲಿ ದ್ರಾಕ್ಷಿ ವೈನ್ ಹಾಕಿದ್ದೀರಿ. ಗುಳುಗುಳು ಅಂತ ಗ್ಯಾಸ್ ಬರುತ್ತಿದೆ, ನಾಯಿ ಅದರ ಪಕ್ಕದಲ್ಲೇ ನೆಲದ ಮೇಲೆ ಮಲಗುತ್ತದೆ, ಮನೆಯಲ್ಲಿ ಬೆಕ್ಕೂ ಇದೆ. ಕಾರ್ಬನ್ ಡೈಆಕ್ಸೈಡ್ ಕೆಳಗೇ ನಿಂತು ಅವುಗಳ ಉಸಿರು ಕಟ್ಟುತ್ತಾ ಅನ್ನೋದು ನಿಮ್ಮ ಭಯ, ಅಲ್ವಾ?

ವಿಜಯನಗರದ ಸಣ್ಣ ಬಾಡಿಗೆ ಮನೆಯಲ್ಲಿ, ನಾಯಿ ಇಟ್ಟುಕೊಂಡೇ, ನಾನೂ ವೈನ್ ಹಾಕಿದ್ದೆ. (ಅಬಕಾರಿ ಕಾನೂನಿನ ಪ್ರಕಾರ ಇದಕ್ಕೆ ಪರವಾನಗಿ ಬೇಕು ಅಂತ ಆಮೇಲೆ ಗೊತ್ತಾಯಿತು. ಈಗ ಬಿಟ್ಟಿದ್ದೇನೆ.)

ಕಿಟಕಿ ತೆರೆದಿರುವ ಕೋಣೆಯಾದರೆ ಗ್ಯಾಸ್‌ಗೆ ಹೆದರಬೇಡಿ. 1 ಕೆಜಿ ಸಕ್ಕರೆ ಪೂರ್ತಿ ಹುದುಗಿದರೆ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು ಅರ್ಧ ಕೆಜಿ. ಹಣ್ಣಿನದ್ದೂ ಸೇರಿ 3 ಕೆಜಿ ಸಕ್ಕರೆ ಇದೆ ಅಂದುಕೊಂಡರೂ ಒಂದೂವರೆ ಕೆಜಿ ಆಯಿತು. ಅದೂ ಒಂದೇ ಸಲ ಅಲ್ಲ, ಎರಡು ಮೂರು ವಾರ ಸ್ವಲ್ಪ ಸ್ವಲ್ಪವಾಗಿ. ಒಬ್ಬ ಮನುಷ್ಯ ದಿನಕ್ಕೆ ಹೆಚ್ಚುಕಡಿಮೆ 1 ಕೆಜಿ ಉಸಿರಲ್ಲೇ ಬಿಡುತ್ತಾನೆ. ಶನಿವಾರ ಭಾನುವಾರ ಬಂದು ಉಳಿಯುವ ಭಾವ ನಿಮ್ಮ ಕ್ಯಾನ್‌ಗಿಂತ ಜಾಸ್ತಿ ಗ್ಯಾಸ್ ಬಿಟ್ಟು ಹೋಗುತ್ತಾರೆ! ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ ಅನ್ನೋದು ನಿಜ. ಆದರೆ ಇಷ್ಟು ನಿಧಾನಕ್ಕೆ ಬರುವಾಗ, ಜನ ಓಡಾಡುವ ಕೋಣೆಯಲ್ಲಿ ಗಾಳಿಯ ಜೊತೆ ಬೆರೆತು ಹೋಗುತ್ತದೆ.

ಮುಚ್ಚಿದ ಜಾಗದ ಮಾತೇ ಬೇರೆ. ನಮ್ಮ ಅಜ್ಜಿಯ ಊರು ಹಾವೇರಿ ಕಡೆ. ಜೋಳ ತುಂಬಿಡುವ ನೆಲದೊಳಗಿನ ಗುಂಡಿ, ಅಂದರೆ ಹಗೇವಿನ ಬಾಯಿ ತೆಗೆದ ಕೂಡಲೇ ಅಲ್ಲಿ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಲಾಟೀನು ಇಳಿಬಿಟ್ಟು ನೋಡುತ್ತಿದ್ದರು. ಕಾಳು ಉಸಿರಾಡಿ ಬಿಟ್ಟ ಇದೇ ಗ್ಯಾಸ್ ಆ ಗುಂಡಿಯಲ್ಲಿ ನಿಂತಿರುತ್ತದೆ. ಕ್ಯಾನ್ ಇಟ್ಟ ವಾರ್ಡ್‌ರೋಬ್ ಕೂಡ ಒಂದು ಸಣ್ಣ ಹಗೇವೇ. ಬಟ್ಟೆ ಮೇಲೆ ಬೆಕ್ಕು ಮಲಗಿರುತ್ತದೆ, ನೀವು ನೋಡದೆ ಬಾಗಿಲು ಹಾಕಿ ಆಫೀಸಿಗೆ ಹೋಗುತ್ತೀರಿ. ಇದು ಆಗಬಾರದು. ಕಿಟಕಿ ಇಲ್ಲದ ಸ್ಟೋರ್ ರೂಮಿನಲ್ಲಿ ನಾಯಿಯನ್ನೂ ಕ್ಯಾನನ್ನೂ ಒಟ್ಟಿಗೆ ಕೂಡಿಹಾಕಬೇಡಿ, ಅದರಲ್ಲೂ ಗ್ಯಾಸ್ ಜೋರಾಗಿ ಬರುವ ಮೊದಲ ದಿನಗಳಲ್ಲಿ. ಮನೆಯಲ್ಲಿ ಮೇಣದಬತ್ತಿ ಹಚ್ಚಿ ಪರೀಕ್ಷೆ ಮಾಡುವುದೂ ಬೇಡ. ಗಾಳಿಯಲ್ಲಿ ಈ ಗ್ಯಾಸ್ ಶೇ. 5ರಷ್ಟಾದರೆ ಸಾಕು, ಏದುಸಿರು ಶುರುವಾಗುತ್ತದೆ. ಬತ್ತಿ ಮಾತ್ರ ಇನ್ನೂ ಉರಿಯುತ್ತಲೇ ಇರುತ್ತದೆ.

ನಾನು ಕ್ಯಾನ್ ಮುಚ್ಚಳಕ್ಕೆ ತೂತು ಕೊರೆದು, ಮೀನಿನ ತೊಟ್ಟಿಗೆ ಹಾಕುವ ತೆಳು ಪೈಪ್ ಸಿಕ್ಕಿಸಿದ್ದೆ. ಇನ್ನೊಂದು ತುದಿ ಕಿಟಕಿ ಗ್ರಿಲ್ ಆಚೆ, ನೀರು ತುಂಬಿದ ಬಾಟಲಿಯಲ್ಲಿ. ಗ್ಯಾಸ್ ಎಲ್ಲಾ ಹೊರಗೆ ಹೋಯಿತು. ಪಕ್ಕದ ಮನೆಯವರು ಮಾತ್ರ ಅದೇನ್ರೀ ಸದ್ದು ಅಂತ ಎರಡು ಸಲ ಕೇಳಿದರು.

ಇನ್ನೊಂದು ಮಾತು. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್‌ನಿಂದ ಸತ್ತರು ಅಂತ ಪೇಪರ್‌ನಲ್ಲಿ ಬರುತ್ತಲ್ಲ, ಅದು ಕಾರ್ಬನ್ ಮೊನಾಕ್ಸೈಡ್. ಬೇರೆ ವಿಷ. ಅದಕ್ಕೆ ಮಾಡಿದ ಅಲಾರಂ ನಿಮ್ಮ ಕ್ಯಾನ್‌ಗೆ ಕೂಗುವುದಿಲ್ಲ. ಸುಮ್ನೆ ದುಡ್ಡು ದಂಡ.

ನೀವು ಕೇಳದೇ ಇದ್ದದ್ದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಪೆಟ್ಟು ಬಿದ್ದದ್ದು ಅಲ್ಲೇ. ವೈನ್ ಸೋಸಿದ ದಿನ ಹಿಂಡಿದ ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆಯಲು ಹೋದೆ. ವಾಪಸ್ ಬರುವಷ್ಟರಲ್ಲಿ ಬುಟ್ಟಿ ಉರುಳಿತ್ತು, ನಮ್ಮ ನಾಯಿಯ ಮೂತಿ ಪೂರ್ತಿ ನೇರಳೆ. ದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು. ಒಣದ್ರಾಕ್ಷಿಯೂ ಅಷ್ಟೇ. ಎಷ್ಟು ತಿಂದರೆ ಅಪಾಯ ಅನ್ನೋದು ಒಂದೊಂದು ನಾಯಿಗೆ ಒಂದೊಂದು ಥರ. ಜೊತೆಗೆ ಆ ಸಿಪ್ಪೆಯಲ್ಲಿ ಆಲ್ಕೋಹಾಲ್ ಬೇರೆ. ಆಟೋ ಹಿಡಿದು ಡಾಕ್ಟರ ಹತ್ತಿರ ಓಡಿದೆ. ವಾಂತಿ ಮಾಡಿಸಿದರು, ಡ್ರಿಪ್ ಹಾಕಿದರು, ಮೂರು ದಿನ ರಕ್ತ ಪರೀಕ್ಷೆ. ಬದುಕಿಕೊಂಡ.

ಬಿಯರ್ ಮಾಡುವವರು ಹಾಕುವ ಹಾಪ್ಸ್ ಕೂಡ ನಾಯಿಗೆ ವಿಷವೇ, ಮೈ ಸುಡುವಷ್ಟು ಜ್ವರ ಬರುತ್ತದೆ. ನಿಮ್ಮ ಕ್ಯಾನ್ ಸೋಸುವ ದಿನ ನಾಯಿಯನ್ನು ಟೆರೇಸ್ ಮೇಲೆ ಕಟ್ಟಿ. ಸಿಪ್ಪೆ, ತಳದ ಗಷ್ಟು ಎರಡನ್ನೂ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಕಸದ ಗಾಡಿ ಬರುವವರೆಗೂ ಫ್ರಿಜ್ ಮೇಲಿಡಿ.